ಶನಿವಾರದ ಕೌದಿಗಳು

ಬನಹಟ್ಟಿಯ ಒಂದು ಖಾಸಗಿ ಶಾಲೆಯಲ್ಲಿ ನಾನು ಮೂರನೆಯ ತರಗತಿಗೆ ಕಲಿಸುತ್ತಿದ್ದೆ. ಆ ವರ್ಷ ಕೃಷ್ಣೆ ದಂಡೆ ಮೀರಿ ಹರಿದು, ತುಬಚಿ ಕಡೆಯ ಎಷ್ಟೋ ಜನ ಮನೆ ಬಿಟ್ಟು ತಗಡಿನ ಶೆಡ್ಡುಗಳಿಗೆ ಬಂದಿದ್ದರು. ಮಕ್ಕಳಲ್ಲಿ ಕೊಡುವ ಗುಣ ಬೆಳೆಸಬೇಕೆಂಬ ಹಂಬಲ ನಮ್ಮ ಮುಖ್ಯಾಧ್ಯಾಪಕರಿಗೆ ಮೊದಲಿನಿಂದಲೂ ಇತ್ತು. ಮನೆಯಿಂದ ಬಟ್ಟೆ ತನ್ನಿ, ತಂದವರ ಹೆಸರನ್ನು ಪ್ರಾರ್ಥನೆಯಲ್ಲಿ ಓದುತ್ತೇನೆ ಎಂದರು.

ವಾರದೊಳಗೆ ನನ್ನ ತರಗತಿಯ ಹಿಂದಿನ ಗೋಡೆ ಗಂಟುಗಳಿಂದ ಮುಚ್ಚಿಹೋಯಿತು. ಇನ್ನೊಮ್ಮೆ ಹೆಸರು ಬರಲೆಂದು ಕೆಲವರು ಒಂದೇ ಗಂಟನ್ನು ಎರಡು ಮಾಡಿ ತಂದರು. ನಾನೂ ಒಂದು ಗಂಟು ತಂದಿಟ್ಟೆ.

ಬಟ್ಟೆ ಆರಿಸುವ ಕೆಲಸ ನನಗೂ ಶಾಲೆಯ ಆಯಾಗೂ ಬಿತ್ತು. ಅರವತ್ತರ ಹತ್ತಿರದ ಆಕೆಯನ್ನು ಮಕ್ಕಳೂ ನಾವೂ ಅಜ್ಜಿಯನ್ನು ಕರೆಯುವಂತೆ ‘ಆಯಿ’ ಎಂದೇ ಕರೆಯುತ್ತಿದ್ದೆವು. ಗುಂಡಿ ಕಿತ್ತ ಅಂಗಿ, ಬಗಲು ಹರಿದ ಜಂಪರು, ಕರೆ ಬಿದ್ದ ಲಂಗ. ಗಂಟು ಬಿಚ್ಚಿದಂತೆಲ್ಲ ಆಕೆಯ ಮಾತು ಕಡಿಮೆಯಾಯಿತು. ಕೊನೆಗೆ ಒಂದು ನೀಲಿ ಸೀರೆಯನ್ನು ಬೆಳಕಿಗೆ ಹಿಡಿದಳು. ಬಟ್ಟೆ ಎಷ್ಟು ಸವೆದಿತ್ತೆಂದರೆ ಆಚೆಗಿನ ಕಿಟಕಿ ಕಾಣುತ್ತಿತ್ತು.

“ಇದನ್ನ ಉಟ್ಕೊಂಡು ಯಾವ ಹೆಣ್ಮಗಳು ಮಂದ್ಯಾಗ ನಿಲ್ಲಬೇಕ್ರಿ, ಅಕ್ಕೋರ?” ಎಂದಳು.

ಆ ಸೀರೆ ನನ್ನದು. ಸುಮ್ಮನಿದ್ದರೆ ಆಕೆಗೆ ತಿಳಿಯುತ್ತಿರಲಿಲ್ಲ. ಆದರೆ ನನ್ನ ಮುಖ ಸುಡುತ್ತಿತ್ತು. “ಅದು ನಂದ ಐತಿ, ಆಯಿ,” ಎಂದೆ.

ಆಕೆ ನನ್ನತ್ತ ನೋಡಲಿಲ್ಲ. ಸೀರೆಯನ್ನು ಮಡಚಿ ತೊಡೆಯ ಮೇಲಿಟ್ಟುಕೊಂಡು ಸವರಿದಳು. “ಮೆತ್ತಗ ಐತಿ. ಕೌದಿಗೆ ಒಳಪದರ ಛಲೋ ಆಕ್ಕೈತಿ.”

ಹಳೆಯ ಬಟ್ಟೆಗಳನ್ನು ಪದರಪದರವಾಗಿ ಸೇರಿಸಿ ಹೊದೆಯುವ ಕೌದಿ ಹೊಲಿಯೋಣವೆಂದು ಹೇಳಲು ಇಬ್ಬರೂ ಮುಖ್ಯಾಧ್ಯಾಪಕರ ಬಳಿ ಹೋದೆವು. ಅವರು ಬಂದು ರಾಶಿಯನ್ನು ಕೈಯಾರೆ ಕೆದಕಿ ನೋಡಿ ಕುರ್ಚಿಯ ಮೇಲೆ ಕುಳಿತುಬಿಟ್ಟರು. ಇಷ್ಟನ್ನೆಲ್ಲ ಹೊಲಿಯುವವರು ಯಾರು ಎಂದು ಕೇಳಿದರು. ಕರೆದರೆ ಮಕ್ಕಳ ತಾಯಂದಿರೇ ಬರುತ್ತಾರೆ ಎಂದಳು ಆಯಿ. “ಆದ್ರ ಹೆಸರು ಓದಬ್ಯಾಡ್ರಿ, ಸರ್. ತರಾಕ ಏನೂ ಇಲ್ದಾಕಿ ಬರಾಕ ನಾಚತಾಳ್ರಿ,” ಎಂದಳು. ಅವರು ತಲೆಯಾಡಿಸಿದರು. ಮರುದಿನದಿಂದ ಪ್ರಾರ್ಥನೆಯಲ್ಲಿ ಯಾರ ಹೆಸರೂ ಬರಲಿಲ್ಲ.

ಶನಿವಾರ ಮಧ್ಯಾಹ್ನ ಶಾಲೆ ಬಿಟ್ಟ ಮೇಲೆ ತಾಯಂದಿರು ಬರತೊಡಗಿದರು. ನಮ್ಮದು ನೇಕಾರರ ಊರು; ಮನೆಯ ಮಗ್ಗದಲ್ಲಿ ಉಳಿದ ನೂಲನ್ನು ಸೆರಗಿನಲ್ಲಿ ಕಟ್ಟಿಕೊಂಡು ತಂದರು. ಮಕ್ಕಳು ಸೂಜಿಗೆ ದಾರ ಪೋಣಿಸಿ ಕೊಟ್ಟರು. ಮಗಳನ್ನು ಗೇಟಿನ ತನಕ ಬಿಟ್ಟು ಒಳಗೆ ಕಾಲಿಡದೆ ಹೋಗುತ್ತಿದ್ದ ಒಬ್ಬಾಕೆ ಇದ್ದಳು. ಕೂಲಿಗೆ ನೂಲು ಸುತ್ತುವವಳು. ಎರಡನೆಯ ಶನಿವಾರ ಆಕೆ ಮಗ್ಗದ ಮಾಲೀಕರ ಹೆಂಡತಿಯ ಪಕ್ಕ ಕುಳಿತು, ಅವರ ಹೊಲಿಗೆ ಬಿಚ್ಚಿಸಿ ಮತ್ತೆ ಹಾಕಿಸುತ್ತಿದ್ದಳು. ಮಗಳು ಅದನ್ನೇ ನೋಡುತ್ತ ನಿಂತಿದ್ದಳು.

ತಿಂಗಳು ಕಳೆದ ಮೇಲೆ ಕೌದಿಗಳನ್ನು ಟೆಂಪೋದಲ್ಲಿ ಹಾಕಿಕೊಂಡು ಶೆಡ್ಡುಗಳಿಗೆ ಹೋದೆವು. ಅಲ್ಲಿ ಒಬ್ಬ ಮುದುಕಿ ಕೌದಿಯ ಮೂಲೆಗಳನ್ನು ಬೆರಳಿನಿಂದ ಮುಟ್ಟಿ ನೋಡಿದಳು. ತನ್ನ ಮನೆಯಲ್ಲಿದ್ದ ಕೌದಿಗಳೆಲ್ಲ ನೀರುಪಾಲಾದವು ಎಂದಳು. ಆಮೇಲೆ ಕೇಳಿದಳು: “ಇನ್ನ ಅರಿವಿ ಉಳದಾವೇನು? ಬರೇ ಇಸ್ಕೊಂಡು ಕುಂದ್ರಾಕ ನನಗ ಆಗಂಗಿಲ್ಲ. ಇಲ್ಲೇ ತರ್ರಿ, ನಾವೂ ಹೊಲಿತೇವಿ.”

ಬಟ್ಟೆ ಇನ್ನೂ ಅರ್ಧ ರಾಶಿ ಉಳಿದಿತ್ತು. ಮುಂದಿನ ಶನಿವಾರ ಅದನ್ನು ಹೇರಿಕೊಂಡು, ಹಿರಿಯ ತರಗತಿಯ ಹುಡುಗಿಯರನ್ನೂ ಕರೆದುಕೊಂಡು ಹೋದೆವು. ಆ ಮುದುಕಿ ಹುಡುಗಿಯರಿಗೆ ಮೂಲೆ ಮಡಚುವುದನ್ನು ಕಲಿಸಿದಳು. ಮುಳುಗಿದ ಮನೆಯ ಬಗ್ಗೆಯೂ, ನೀರೇರಿದಾಗ ಈಜಿ ಬದುಕಲೆಂದು ಕಟ್ಟು ಬಿಚ್ಚಿಬಿಟ್ಟ ಎಮ್ಮೆಯ ಬಗ್ಗೆಯೂ ಹೇಳಿದಳು. ಬರುವಾಗ ಟೆಂಪೋದಲ್ಲಿ ಗದ್ದಲವೆಬ್ಬಿಸಿದ್ದ ಹುಡುಗಿಯರು ತಲೆ ಬಗ್ಗಿಸಿ ಹೊಲಿಯುತ್ತ ಕೇಳಿದರು. ಅಲ್ಲಿ ಹೊಲಿದ ಕೌದಿಗಳನ್ನು ಆ ಹೆಂಗಸರೇ ಪಕ್ಕದ ಶೆಡ್ಡುಗಳಿಗೆ ಹಂಚಿದರು.

ದೀಪಾವಳಿಯ ಹೊತ್ತಿಗೆ ಜನ ಊರಿಗೆ ಮರಳಿದರು. ಇನ್ನು ಹೊಲಿಗೆ ಮುಗಿಯಿತು ಎಂದುಕೊಂಡೆ. ಆದರೆ ಮುಂದಿನ ಶನಿವಾರವೂ ಏಳೆಂಟು ತಾಯಂದಿರು ಬಂದು, ಈಗ ಯಾರಿಗೆ ಹೊಲಿಯಬೇಕು ಎಂದು ಕೇಳಿದರು. ಸರಕಾರಿ ಆಸ್ಪತ್ರೆಯ ಬಾಣಂತಿಯರ ವಾರ್ಡಿಗೆ ಕೂಸಿನ ಕೌದಿಗಳು ಬೇಕಾಗುತ್ತವೆ ಎಂದು ಆಯಿ ಹೇಳಿದಳು. ನಾನು ಮನೆಗೆ ಹೋಗಿ, ಉಡಲು ಚೆನ್ನಾಗಿಯೇ ಇದ್ದ ಒಂದು ಮೆತ್ತನೆಯ ಹತ್ತಿ ಸೀರೆಯನ್ನು ತಂದೆ.