ಪರದೇಶಿಯ ಹಯಾತಿ ಪತ್ರ

ತೊಂಬತ್ತೆಂಟರ ನವೆಂಬರ್ ತಿಂಗಳ ಮೊದಲ ಸೋಮವಾರ, ಬೆಳಿಗ್ಗೆ ಹನ್ನೊಂದಕ್ಕೆ ಐದು ನಿಮಿಷವಿದ್ದಾಗ, ನಾನು ಹುಕ್ಕೇರಿಯ ಬ್ಯಾಂಕೊಂದರ ಎರಡನೇ ಕಿಟಕಿಯ ಮುಂದೆ ನಿಂತಿದ್ದೆ. ಎಡಗೈಯಲ್ಲಿ ಹಯಾತಿ ಪತ್ರವಿತ್ತು. ಪಿಂಚಣಿ ಪಡೆಯುವವನು ಇನ್ನೂ ಜೀವಂತವಾಗಿದ್ದಾನೆಂದು ವರ್ಷಕ್ಕೊಮ್ಮೆ ಒಪ್ಪಿಸುವ ಕಾಗದ ಅದು. ಬಲಗೈಯನ್ನು ನನ್ನ ಹೆಂಡತಿ ಕಮಲಾ ಹಿಡಿದಿದ್ದಳು. ಪ್ರೀತಿಯಿಂದಲ್ಲ, ಮೊಣಕಾಲು ನೋವಿನಿಂದ.

ಆಗ ನಾನು ನೇಪಾಳದಲ್ಲಿ ನೆಲೆಸುವ ವಿಚಾರದಲ್ಲಿದ್ದೆ. ಮೂವತ್ತು ವರ್ಷ ಭೂಗೋಳ ಕಲಿಸಿದವನಿಗೆ ನಕಾಶೆ ನೋಡಿ ಮರುಳಾಗುವ ಹಕ್ಕಿದೆ ಎಂದು ನನ್ನ ನಂಬಿಕೆ. ಕಮಲಾಳ ಜೊತೆ ಯಾತ್ರೆಗೆ ಹೋದಾಗ ಪೋಖರಾದ ಸರೋವರ ಕಂಡು, ಉಳಿದ ಆಯುಷ್ಯ ಇಲ್ಲೇ ಎಂದುಕೊಂಡಿದ್ದೆ. ಅಲ್ಲಿ ಹೊರಗಿನವರಿಗೆ ಸವಲತ್ತು ಕಡಿಮೆ. ಜಾಗ ಕೊಳ್ಳುವಂತಿಲ್ಲ, ದವಾಖಾನೆಯಲ್ಲಿ ರಿಯಾಯಿತಿ ಇಲ್ಲ. ಇಲ್ಲಿ ಹುಕ್ಕೇರಿಯಲ್ಲಿ ಎಲ್ಲವೂ ಇದೆ: ದವಾಖಾನೆಯಿದೆ, ಡಾಕ್ಟರು ಬುಧವಾರ ಇರುತ್ತಾರೆ, ಬಸ್ಸಿನಲ್ಲಿ ಹಿರಿಯರ ಸೀಟಿದೆ, ಅದರ ಮೇಲೆ ಯಾವಾಗಲೂ ಯಾರದೋ ಟವೆಲ್ಲು ಕುಳಿತಿರುತ್ತದೆ.

ಕಿಟಕಿಯೊಳಗಿದ್ದ ಕಾರಕೂನ ಬಾಹುಬಲಿ ನನ್ನ ಹಳೆಯ ವಿದ್ಯಾರ್ಥಿ. ತಲೆಯೆತ್ತದೆ ಪತ್ರ ತೆಗೆದುಕೊಂಡು ಬ್ಯಾಂಕಿನ ಶಿಕ್ಕಾ ಹೊಡೆದ.

"ಮಾರಿನಾದ್ರೂ ನೋಡೋ," ಎಂದೆ.

"ಏನ್ ನೋಡೂದ್ರಿ ಸರ? ಮೊನ್ನಿ ಸಂತ್ಯಾಗ ಬದನಿಕಾಯಿ ಹುಳಕ ಅದಾವಂತ ಅರ್ಧಾ ತಾಸು ಜಗಳಾಡೀರಿ. ನೀವು ಅದೀರಿ ಅಂತ ಊರಿಗೆಲ್ಲಾ ಗೊತ್ತೈತಿ."

"ಮುಂದಿನ ವರ್ಷ ನೇಪಾಳದಾಗ ಇದ್ರ?"

ಮುಂದಿನ ಕಾಗದಕ್ಕೆ ಎತ್ತಿದ ಶಿಕ್ಕಾ ಗಾಳಿಯಲ್ಲೇ ನಿಂತಿತು. "ಅಲ್ಲಿ ನಿಮ್ಮ ಗುರ್ತು ಹೇಳಾಕ ಯಾರದಾರ್ರಿ?"

ಉತ್ತರ ಕೊಟ್ಟವಳು ಕಮಲಾ. "ಯಾರೂ ಇಲ್ಲಪಾ. ಇವರು ಪರದೇಶಕ್ಕ ಹೊಂಟಾರ. ನಾ ಪರದೇಶಿ ಆಗಾಕತ್ತೇನಿ."

ನಮ್ಮ ಕಡೆ ಪರದೇಶಿ ಎಂದರೆ ಹೊರದೇಶದವನಲ್ಲ. ಹಿಂದುಮುಂದು ಯಾರೂ ಇಲ್ಲದ ಅನಾಥ. ಎರಡೂ ಅರ್ಥ ನನಗೆ ಗೊತ್ತಿದ್ದವು. ಒಂದೇ ಗಾಡಿಯಲ್ಲಿ ಎರಡೂ ಊರು ಮುಟ್ಟಬಹುದೆಂದು ಮಾತ್ರ ಗೊತ್ತಿರಲಿಲ್ಲ. ಪೋಖರಾದಲ್ಲಿ ನಾನು ಬಾಡಿಗೆ ವಿಚಾರಿಸಿದ್ದೆ, ಹವಾ ವಿಚಾರಿಸಿದ್ದೆ, ಹಾಲು ಎಷ್ಟು ಹೊತ್ತಿಗೆ ಬರುತ್ತದೆಂದೂ ವಿಚಾರಿಸಿದ್ದೆ. ಬಾಜೂಕ್ಕೆ ಕುಳಿತವಳನ್ನು ಒಂದು ಮಾತು ಕೇಳಿರಲಿಲ್ಲ. ಬಲಗೈಯ ಹಿಡಿತ ಬಿಗಿಯಾಯಿತು. ಈ ಸಲ ಮೊಣಕಾಲಿನ ಕಾರಣ ಹೇಳುವಂತಿರಲಿಲ್ಲ.

ನಕಾಶೆಯನ್ನು ಅಂದೇ ಮಡಚಿಟ್ಟೆ.

ಇದನ್ನು ಕಣ್ಣಾರೆ ಕಂಡು ಇಂದಿಗೂ ಹಯಾತಿಯಲ್ಲಿರುವವರು ಇಬ್ಬರು: ಮೂಡಲಗಿಗೆ ವರ್ಗವಾಗಿರುವ ಬಾಹುಬಲಿ, ಮತ್ತು ಕಮಲಾ. ನನ್ನ ಬಗ್ಗೆ ಸಂಶಯವಿದ್ದವರು ಸಂತೆಯಲ್ಲಿ ವಿಚಾರಿಸಬಹುದು.