ತೆಲುಗಿಗೆ ಕಟ್ಟಿದ ಕನ್ನಡ ತಲೆಕಟ್ಟು

ಗುರುಕೃಪೆಯಿಂದ ನನಗೆ ಎರಡು ಲಿಪಿಗಳು ಚೆನ್ನಾಗಿ ಬರುತ್ತಿದ್ದವು. ಮೂರನೆಯದೂ ಬರುತ್ತದೆಂಬ ಭ್ರಮೆ ಅವೆರಡಕ್ಕಿಂತ ಗಟ್ಟಿಯಾಗಿತ್ತು. ಕನ್ನಡವನ್ನೂ ಸಂಸ್ಕೃತವನ್ನೂ ಬೀದರ ಸೀಮೆಯ ಮಠವೊಂದರಲ್ಲಿ, ನೆಲದ ಮೇಲೆ ಕೂತು, ಬೆತ್ತದ ಸಮ್ಮುಖದಲ್ಲಿ ಕಲಿತವನು ನಾನು. ತೆಲುಗು ಮಾತು ಹುಟ್ಟಿದಂದಿನಿಂದ ಕಿವಿಯಲ್ಲಿತ್ತು. ಅದರ ಲಿಪಿಯನ್ನು ಮಾತ್ರ ಕಲಿತಿರಲಿಲ್ಲ, ಊಹಿಸಿದ್ದೆ.

ಪ್ರತ್ಯೇಕ ತೆಲಂಗಾಣ ರಾಜ್ಯದ ಹೋರಾಟ ಬಿರುಸಾಗಿದ್ದ ವರ್ಷಗಳವು. ಮೊಗುಡಂಪಲ್ಲಿ ಕಡೆಯ ನಮ್ಮ ಊರಿನಿಂದ ಜಹೀರಾಬಾದಿಗೆ ಹೋಗುವ ದಾರಿಯಲ್ಲಿ ಒಂದು ದಿನ ಜನ ಡಾಂಬರಿನ ಮೇಲೆಯೇ ಒಲೆ ಹೂಡಿ ಅಡುಗೆ ಮಾಡಿ ಉಂಡರು. ಮತ್ತೊಂದು ದಿನ ಕಲ್ಲು ಅಡ್ಡವಿಟ್ಟು ಕೂತರು. ಬಸ್ಸು ನಿಂತಿತು, ಕಚೇರಿ ನಿಂತಿತು, ಶಾಲೆಗೆ ಬೀಗ ಬಿತ್ತು. ಊರಿನ ಕನ್ನಡ ಶಾಲೆ ಐದನೆಯ ತರಗತಿಗೇ ಮುಗಿಯುತ್ತಿತ್ತು. ಮುಂದಿನದೆಲ್ಲ ಜಹೀರಾಬಾದಿನಲ್ಲಿ, ತೆಲುಗಿನಲ್ಲಿ. ನನ್ನ ಮೊಮ್ಮಗಳು ಆರನೆಯದಕ್ಕೆ ಸೇರಿ ಬೆಂಚಿನ ಮೇಲೆ ತನ್ನ ಜಾಗ ಗುರುತಿಸಿಕೊಳ್ಳುವಷ್ಟರಲ್ಲಿ ಆ ಬೆಂಚಿಗೇ ವಿರಾಮ ಬಂದಿತ್ತು.

ಆಗ ನಾಲ್ಕು ಮನೆಯವರು ಸೇರಿ ಮಕ್ಕಳಿಗೆ ಮನೆಯಲ್ಲೇ ಕಲಿಸುವುದೆಂದು ಗೊತ್ತುಮಾಡಿದೆವು. ನಮ್ಮ ಪಡಸಾಲೆಗೆ ತಾಂಡೂರಿನ ನೀಲಿ ಫರಸಿ ಕಲ್ಲು ಹಾಸಿತ್ತು. ಅಷ್ಟು ದೊಡ್ಡ ಪಾಟಿ ಯಾವ ಶಾಲೆಯಲ್ಲೂ ಇರಲಿಲ್ಲ. ಮಕ್ಕಳು ಒಂದೊಂದು ಕಲ್ಲಿಗೆ ಒಬ್ಬೊಬ್ಬರಂತೆ ಕೂತು ಸುಣ್ಣದ ಕಡ್ಡಿಯಿಂದ ಬರೆಯುವರು. ಸಂಜೆ ಸೊಸೆ ಒಂದು ಕೊಡ ನೀರು ಚೆಲ್ಲಿದರೆ ಅಂದಿನ ವಿದ್ಯೆಯೆಲ್ಲ ಅಂಗಳದ ತುಳಸಿಗೆ ಸೇರುವುದು. ಮುಷ್ಕರದಲ್ಲಿದ್ದ ಸರಕಾರಿ ನೌಕರರೊಬ್ಬರು ಬೆಳಿಗ್ಗೆ ಲೆಕ್ಕ ಕಲಿಸಿ, ಕೆಲಸ ಮಾಡುವುದಿಲ್ಲವೆಂದು ಸಾರಲು ಮಧ್ಯಾಹ್ನ ಧರಣಿಗೆ ಹೋಗುತ್ತಿದ್ದರು. ಭಾಷೆಗಳು ನನ್ನ ಪಾಲಿಗೆ ಬಂದವು. ನಾನು ಛಂದಸ್ಸಿನಿಂದ ಆರಂಭಿಸಿದೆ. ಮೆರವಣಿಗೆಯೊಂದು ಬೀದಿಯಲ್ಲಿ ಹಾದಾಗ ನಮ್ಮ ಮಕ್ಕಳು ಘೋಷಣೆ ಕೂಗುವ ಬದಲು ‘ಜೈ ತೆಲಂಗಾಣ’ಕ್ಕೆ ಗುರು ಲಘು ಹಾಕಿ ತೋರಿಸಿದರು. ಅದಕ್ಕಿಂತ ಧನ್ಯತೆಯ ದಿನ ನನ್ನ ಅಧ್ಯಾಪನದಲ್ಲಿ ಬರಲಿಲ್ಲ. ಬರುವ ಅವಶ್ಯಕತೆಯೂ ನನಗೆ ತೋರಲಿಲ್ಲ.

ಶಾಲೆಯ ಬೀಗ ತೆಗೆದರು. ನಾವು ಮಕ್ಕಳನ್ನು ಕಳಿಸಲಿಲ್ಲ. ಮನೆಯ ವಿದ್ಯೆಯೇ ಮೇಲೆಂದು ಅಷ್ಟರಲ್ಲಿ ನಮಗೆ ಮನವರಿಕೆಯಾಗಿತ್ತು. ಮನವರಿಕೆ ಮಾಡಿಕೊಟ್ಟವನು ನಾನೇ.

ತೆಲುಗನ್ನು ಬಾಯಿಂದ ಹೇಳಿ ಬರೆಸುತ್ತಿದ್ದೆ. ಕನ್ನಡ ತೆಲುಗು ಒಂದೇ ತಾಯಿಯ ಮಕ್ಕಳು, ಒಬ್ಬಳನ್ನು ಬಲ್ಲವನಿಗೆ ಮತ್ತೊಬ್ಬಳ ಪರಿಚಯ ಬೇರೆ ಬೇಕಿಲ್ಲ ಎಂಬುದು ನನ್ನ ಸಿದ್ಧಾಂತ. ತೆಲುಗಿನ ಅಚ್ಚಿನಲ್ಲಿ ಅಕ್ಷರಗಳ ತಲೆಯ ಮೇಲೆ ಕಾಣುತ್ತಿದ್ದ ಕೊಕ್ಕೆಗಳನ್ನು ಮುದ್ರಣದವರ ಅಲಂಕಾರವೆಂದು ಬಗೆದಿದ್ದೆ.

ನಾಲ್ಕನೆಯ ಮನೆ ಓಣಿಯ ಕೊನೆಯ ಬೌದ್ಧ ಕುಟುಂಬದ್ದು. ಆ ಮನೆಯ ತಾಯಿ ಕಬ್ಬಿನ ಹೊಲದ ಕೂಲಿಗೆ ಹೋಗುವವಳು. ತವರು ತೆಲುಗು ಸೀಮೆಯ ಧಾರೂರಿನ ಕಡೆ. ಅವಳ ಇಬ್ಬರು ಹೆಣ್ಣುಮಕ್ಕಳು ನಮ್ಮ ಪಡಸಾಲೆಯಲ್ಲಿ ಎಲ್ಲರೊಡನೆ ಕೂರುತ್ತಿದ್ದರು. ಅದು ನನ್ನ ಔದಾರ್ಯವೆಂದು ನಾನು ಒಳಗೊಳಗೇ ಎಣಿಸಿದ್ದೆನೆಂದು ಈಗ ಬರೆಯಲು ಸಂಕೋಚವಾಗುತ್ತದೆ. ತಾಯಿ ಮಾತ್ರ ಅವರನ್ನು ಕರೆದೊಯ್ಯಲು ಬಂದಾಗ ಹೊಸ್ತಿಲಾಚೆ ನಿಲ್ಲುವಳು. ಒಳಗೆ ಬಾ ಎಂದು ಯಾರೂ ಅನ್ನಲಿಲ್ಲ, ಬರಬೇಡವೆಂದೂ ಅನ್ನಲಿಲ್ಲ. ಒಂದು ಸಂಜೆ ಅಲ್ಲಿಂದಲೇ ನೆಲದ ಕಡೆ ಬಗ್ಗಿ ನೋಡಿ ಕೇಳಿದಳು.

“ಅಪ್ಪಾರ, ಇದು ತೆಲುಗು ಹೌದೇನ್ರಿ? ನಾ ಓದಿದ್ ತೆಲುಗಿಗಿ ತಲಿ ಮ್ಯಾಲ ಟಿಕ್ ಇರ್ತಿತ್ತು.”

ಎರಡೂ ಲಿಪಿಗಳ ಮೂಲ ಒಂದೇ ಎಂಬುದನ್ನು ಅವಳಿಗೆ ಸಾವಧಾನವಾಗಿ ವಿವರಿಸಿದೆ. ಅವಳೂ ಸಾವಧಾನವಾಗಿ ಕೇಳಿ ಮಕ್ಕಳನ್ನು ಕರೆದುಕೊಂಡು ಹೋದಳು.

ಎರಡು ವರ್ಷ ಹೀಗೆ ಕಳೆದ ಮೇಲೆ ಮೊಮ್ಮಗಳು ಶಾಲೆಗೆ ಹೋಗುತ್ತೇನೆಂದಳು. ಜಹೀರಾಬಾದಿನ ಹುಡುಗಿಯರ ಶಾಲೆಯಲ್ಲಿ ವಯಸ್ಸಿಗೆ ತಕ್ಕಂತೆ ಎಂಟನೆಯ ತರಗತಿಗೆ ಸೇರಿಸಿಕೊಳ್ಳಲು ಒಪ್ಪಿದರು. ಆದರೆ ಲೆಕ್ಕದ ಜೊತೆ ಒಂದು ಪುಟ ತೆಲುಗು ಉಕ್ತಲೇಖನ ಬರೆಯಬೇಕು. ಆಗದಿದ್ದರೆ ಆರನೆಯದರಿಂದ ಮೊದಲಾಗಬೇಕು. ಲೆಕ್ಕ ಸರಿಯಾಯಿತು. ತೆಲುಗಿನ ಹಾಳೆಯನ್ನು ಮುಖ್ಯೋಪಾಧ್ಯಾಯಿನಿ ಬಹಳ ಹೊತ್ತು ಓದಿದರು. ಅವರ ಮುಖ ಅರಳುತ್ತಿರುವುದನ್ನು ಕಂಡು ನಾನು ವಿನಯ ತೋರಲು ಸಿದ್ಧನಾಗುತ್ತಿದ್ದೆ.

“ಅಜ್ಜಾರ, ಮಾತು ತೆಲುಗು ಅದ. ತಪ್ಪು ಹುಡುಕಿದ್ರೂ ಸಿಗಂಗಿಲ್ಲ. ಆದ್ರ ಅಕ್ಷರ ಎಲ್ಲಾ ಕನ್ನಡ ಅವ. ನಾ ನಾರಾಯಣಖೇಡದಾಕಿ, ಕನ್ನಡ ಬರ್ತದ ಅಂತ ಓದೀನಿ. ಪರೀಕ್ಷಾದಾಗ ಪೇಪರ್ ನಾ ನೋಡಂಗಿಲ್ಲರಿ.”

ಹದಿನೈದು ದಿನ ಬಿಟ್ಟು ಮತ್ತೊಮ್ಮೆ ಬರೆಸಿ ನೋಡುವುದಾಗಿ ಹೇಳಿದರು. ಅದು ಅವರ ದೊಡ್ಡತನ.

ಮೊಮ್ಮಗಳು ಬಸ್ಸಿನಿಂದಿಳಿದು ನನಗಿಂತ ಮುಂದೆ ನಡೆದಳು. ಮನೆಯ ಅಗಸಿ ಬಾಗಿಲು ದಾಟುವಾಗ ಹೇಳಿದಳು: “ಆರನೇದಕ್ಕ ನಾ ಹೋಗಂಗಿಲ್ಲ ಅಜ್ಜಾ. ಸಣ್ಣ ಹುಡ್ಗ್ಯಾರ ನಡುವ ಕುಂದ್ರಾಕ ಆಗಲ್ಲ. ಈ ಸಲ ಆಗ್ಲಿಲ್ಲಂದ್ರ ಬಿಟ್ಟಬಿಡ್ತೀನಿ.”

ಅವಳ ಮಾತು ಬೆದರಿಕೆಯಾಗಿರಲಿಲ್ಲ. ಅವಳು ಬಿಟ್ಟರೆ, ಬಿಡಿಸಿದವನು ನಾನಾಗುತ್ತಿದ್ದೆ. ಅದೂ ಒಂದೂ ತಪ್ಪಿಲ್ಲದ ತೆಲುಗು ಕಲಿಸಿ.

ಮರುದಿನ ಪೂಜೆ ಮುಗಿಸಿ ಓಣಿಯ ಕೊನೆಯ ಮನೆಗೆ ಹೋದೆ. ಐವತ್ತು ಹೆಜ್ಜೆಯ ದೂರ. ಅದಕ್ಕೆ ಮುಂಚೆ ಆ ಕಡೆ ನಡೆದ ನೆನಪಿಲ್ಲ. ವಿಷಯ ಹೇಳಿದೆ. ಆ ತಾಯಿ ನಗಲಿಲ್ಲ. ಹೊಲದಿಂದ ಬಂದ ಮೇಲೆ ಬರುತ್ತೇನೆಂದಳು. ಸಂಜೆ ಬಂದು ಎಂದಿನ ಜಾಗದಲ್ಲೇ ನಿಂತಳು. ಒಳಗೆ ಬಾರವ್ವ ಎಂದೆ.

“ಬರ್ತೀನ್ರಿ. ಆದ್ರ ಒಂದ್ ಮಾತು, ಅಪ್ಪಾರ. ನಾ ಕಲಿಸೂವಾಗ ನಡುವ ಸಂಸ್ಕೃತ ಹಾಕಬ್ಯಾಡ್ರಿ.”

ಹುಡುಗಿಯರು ಬಾಯಿಗೆ ಸೆರಗು, ದುಪಟ್ಟಾ ಸಿಕ್ಕಿದ್ದನ್ನು ಒತ್ತಿಕೊಂಡರು. ನಾನು ಮಾತು ಕೊಟ್ಟೆ.

ಅವಳ ಪಾಠಕ್ರಮ ಹೊಲದ್ದು. ಮಕ್ಕಳು ಅಂದು ಹಳೆಯ ರೂಢಿಯಲ್ಲೇ ಬರೆದಿದ್ದ ಸಾಲುಗಳನ್ನು ತೊಳೆಯಗೊಡದೆ, ಅವುಗಳ ಮುಂದೆ ಕುಕ್ಕರುಗಾಲಿನಲ್ಲಿ ಕೂತು, ಸಾಲು ಹಿಡಿದು ಸರಿಯುತ್ತ, ಒದ್ದೆ ಅರಿವೆಯಿಂದ ಪ್ರತಿಯೊಂದು ಕನ್ನಡ ತಲೆಕಟ್ಟನ್ನು ಕಳೆ ಕಿತ್ತಂತೆ ಒರೆಸಿದಳು. ಮೊದಲು ಕಳೆ, ಆಮೇಲೆ ಬಿತ್ತನೆ ಎಂದಳು. ನಂತರ ಬೋಳಾದ ಅಕ್ಷರಗಳ ಮೇಲೆ ಒಂದೊಂದೇ ಟಿಕ್ಕು ಏರಿಸುತ್ತ ಬಂದಳು. ಮೇಷ್ಟರು ಸರಿಯುತ್ತರಕ್ಕೆ ಹಾಕುವ ಗುರುತು ಅದು. ತೆಲುಗಿನ ಬಹುತೇಕ ಅಕ್ಷರಗಳು ಹುಟ್ಟುವಾಗಲೇ ಆ ಗುರುತು ಹೊತ್ತು ಬರುತ್ತವೆ. ಎರಡು ವರ್ಷ ಅವುಗಳ ತಲೆಯಿಂದ ಅದನ್ನು ಕಿತ್ತು ನಾನು ತಿದ್ದಿದ್ದೆ. ಕಕಾರ, ತಕಾರ, ಶಕಾರಗಳ ಮೈಯೇ ಬೇರೆಯೆಂದು ಮೂರನೆಯ ದಿನ ತಿಳಿಯಿತು. ಒಂದೇ ತಾಯಿಯ ಮಕ್ಕಳು ನಿಜ. ಆದರೆ ಬೇರೆ ಮನೆಗಳಲ್ಲಿ ಸಂಸಾರ ಮಾಡುತ್ತಿದ್ದರು.

ನನಗೂ ಒಂದು ಕಲ್ಲು ಕೊಟ್ಟಿದ್ದಳು. ಅರವತ್ತು ವರ್ಷದ ಅಭ್ಯಾಸದ ಕೈ ಟಿಕ್ಕು ಏರಿಸಲು ಹೋಗಿ ಗೀಟು ಎಳೆಯುತ್ತಿತ್ತು. “ಅಪ್ಪಾರ, ನಿಮ್ದು ಮತ್ತ ಅಡ್ಡ ಆತು” ಎಂದು, ಬೈಯದೆ, ಅರಿವೆ ಮುಂದೆ ಚಾಚುವಳು. ಬೆತ್ತವೇ ವಾಸಿ ಎನಿಸುತ್ತಿತ್ತು.

ಹದಿನಾರನೆಯ ದಿನ ಮೊಮ್ಮಗಳು ಮತ್ತೆ ಬರೆದಳು. ಮುಖ್ಯೋಪಾಧ್ಯಾಯಿನಿ ಓದಿ, ಎರಡು ಕಡೆ ಇನ್ನೂ ಕನ್ನಡ ಉಳಿದಿದೆಯೆಂದು ಬೆರಳಿಟ್ಟು ತೋರಿಸಿದರು. ಮೊಮ್ಮಗಳು ಅಲ್ಲೇ ಪೆನ್ನು ತೆಗೆದು ಎರಡನ್ನೂ ತಿದ್ದಿದಳು. ಎಂಟನೆಯ ತರಗತಿಗೆ ಹೆಸರು ಹಚ್ಚಿಕೊಂಡರು. ಸೋಮವಾರದಿಂದ ಬಾ ಎಂದರು. ಹುಡುಗಿ ನನ್ನ ಕಡೆ ನೋಡಲಿಲ್ಲ, ಕಿಟಕಿಯಾಚೆ ಎಂಟನೆಯ ತರಗತಿಯ ಬಾಗಿಲನ್ನು ನೋಡುತ್ತಿದ್ದಳು.

ಅರ್ಜಿಯಲ್ಲಿ ಮನೆಯಲ್ಲಿ ಕಲಿಸಿದವರ ಹೆಸರು, ವಿದ್ಯಾರ್ಹತೆ ತುಂಬಬೇಕಿತ್ತು. ನಾನು ತೆಲುಗಿನಲ್ಲೇ ನಿಧಾನವಾಗಿ ಓಣಿಯ ಕೊನೆಯ ಮನೆಯ ತಾಯಿಯ ಹೆಸರು ಬರೆದೆ. ವಿದ್ಯಾರ್ಹತೆ ನನಗೆ ಗೊತ್ತಿರಲಿಲ್ಲ; ಮೊಮ್ಮಗಳು ಹೇಳಿದಳು, ಐದನೆಯದರ ನಡುವೆ ಬಿಟ್ಟವಳು ಎಂದು. ಅದನ್ನೂ ಬರೆದೆ. ಮುಖ್ಯೋಪಾಧ್ಯಾಯಿನಿ ಅದನ್ನೊಮ್ಮೆ, ನನ್ನ ಹಣೆಯ ವಿಭೂತಿಯನ್ನೊಮ್ಮೆ ನೋಡಿ ಮೊಹರು ಒತ್ತಿದರು.

ಬಸ್ಸಿನಲ್ಲಿ ಮೊಮ್ಮಗಳು ಕೇಳಿದಳು: “ಎರಡು ವರ್ಷ ಕಲಿಸಿದ್ದು ನೀವಲ್ಲೇನ್ರಿ ಅಜ್ಜಾ? ನಿಮ್ಮ ಹೆಸರು ಯಾಕ ಬರೀಲಿಲ್ಲ?”

“ಹೆಸರಿಗೆ ಒಂದೇ ಗೀಟು ಇತ್ತವ್ವ” ಎಂದೆ. ಅರ್ಜಿಯಲ್ಲಿ ಇದ್ದದ್ದೂ ಅಷ್ಟೇ ಜಾಗ.