ಚನ್ನಬಸವ ಬಿಟ್ಟುಹೋದ ಲಿಂಗ

ಬೆಳಗ್ಗೆ ಒಂಬತ್ತರ ಹೊತ್ತಿಗೆ ದೇವರ ಗೂಡು ಒರೆಸೋಣವೆಂದು ನನ್ನ ಗಂಡನ ಕರಡಿಗೆ ಎತ್ತಿದೆ. ಹಗುರವಾಗಿತ್ತು. ಮುಷ್ಟಿಯೊಳಗೆ ಮುಚ್ಚಿಹೋಗುವಂಥ ಬೆಳ್ಳಿಯ ಡಬ್ಬಿ ಅದು, ಅವರ ಇಷ್ಟಲಿಂಗ ಅದರಲ್ಲಿರುತ್ತಿತ್ತು. ಹತ್ತೊಂಬತ್ತು ವರ್ಷ ದಿನಾ ಎತ್ತಿ ಇಟ್ಟ ಕೈಗೆ ಅದರ ಭಾರ ಎಷ್ಟೆಂದು ಗೊತ್ತಿರುತ್ತದೆ. ಮುಚ್ಚಳ ತೆಗೆದೆ. ಮಡಿಸಿದ ಬಿಳಿ ಬಟ್ಟೆ ಇತ್ತು, ಲಿಂಗ ಇರಲಿಲ್ಲ.

ಅತ್ತೆ ಆ ದಿನ ಮನೆಯಲ್ಲಿರಲಿಲ್ಲ. ಕಣ್ಣು ಮಂಜಾಗಿದೆ, ತಾಳವಾಡಿ ಆಸ್ಪತ್ರೆಗೆ ತೋರಿಸಿಕೊಂಡು ಬರುತ್ತೇನೆ ಎಂದು ಏಳೂವರೆ ಬಸ್ಸಿಗೆ ಹೋಗಿದ್ದರು. ವಾಪಸು ಬರುವುದು ಐದೂವರೆ ಬಸ್ಸಿಗೆ. ಅಷ್ಟರೊಳಗೆ ಲಿಂಗ ಸಿಗಬೇಕು. ಸಿಗದಿದ್ದರೆ ಎಪ್ಪತ್ತೆರಡು ವರ್ಷದ ಆ ಜೀವಕ್ಕೆ ನಾನು ಯಾವ ಬಾಯಿಂದ ಹೇಳಲಿ?

ಲಿಂಗ ಕಟ್ಟಿಕೊಂಡವರು ನಮ್ಮಲ್ಲಿ ಅದನ್ನು ಮೈಯಿಂದ ಅಗಲಿಸುವುದಿಲ್ಲ. ಸತ್ತಾಗ ಎಡಗೈಯೊಳಗಿಟ್ಟು ದೇಹದ ಜೊತೆಗೇ ಮಣ್ಣು ಮಾಡುತ್ತಾರೆ. ನನ್ನ ಗಂಡ ಚನ್ನಬಸವ ಮಿಲಿಟರಿಯಲ್ಲಿದ್ದರು. ಎಂಬತ್ತೇಳರಲ್ಲಿ ಅವರನ್ನು ಸಿಲೋನಿಗೆ ಕಳಿಸಿದರು. ಲಿಂಗ ಮನೆಯಲ್ಲಿ ಉಳಿಯಿತು, ಅವರು ಬರಲಿಲ್ಲ. ಅತ್ತೆ ಗುರುಲಿಂಗಮ್ಮ ಅಂದಿನಿಂದ ದಿನಾ ಎರಡು ಪೂಜೆ ಮಾಡುತ್ತಿದ್ದರು. ಮೊದಲು ತಮ್ಮ ಲಿಂಗ, ಆಮೇಲೆ ಮಗನದು. ಮಗನದಕ್ಕೆ ಹೊತ್ತು ಹೆಚ್ಚು. ಅಂಗೈಯಲ್ಲಿಟ್ಟು ನೀರು ಹನಿಸುವಾಗ ಕೂಸಿನ ತಲೆಗೆ ನೀರು ಹಾಕುವವರ ಹಾಗೆ ಕೈ ಅಡ್ಡ ಹಿಡಿಯುತ್ತಿದ್ದರು. ನಾನು ಬಾಗಿಲಲ್ಲಿ ನಿಂತು ನೋಡಿ ಒಳಗೊಳಗೇ ಕುಗ್ಗುತ್ತಿದ್ದೆ. ಯಾಕೆಂದು ಮುಂದೆ ಹೇಳುತ್ತೇನೆ.

ಗೂಡಿನ ಕೆಳಗೆ ನೋಡಿದೆ. ಅಕ್ಕಿ ಡಬ್ಬ ಸರಿಸಿದೆ, ಅತ್ತೆಯ ಹಾಸಿಗೆ ಕೊಡವಿದೆ, ಬಚ್ಚಲ ಮೋರಿಗೆ ಕೈ ಹಾಕಿದೆ. ಎಲ್ಲೂ ಇಲ್ಲ. ಮೋರಿಯ ಮುಂದೆ ಕುಕ್ಕರುಗಾಲಲ್ಲಿ ಕೂತಿದ್ದಾಗ ಬೆಳಗ್ಗೆ ಮಾಡಿದ ಕೆಲಸ ನೆನಪಿಗೆ ಬಂತು.

ಪೂಜೆಯ ಹಳೇ ಹೂವು, ಬಿಲ್ವಪತ್ರೆಯನ್ನು ಯಾರೂ ತುಳಿಯದ ಕಡೆ ಹಾಕಬೇಕು. ನಾವು ಹಿತ್ತಲಿನ ತೆಂಗಿನ ಬುಡಕ್ಕೆ ಹಾಕುತ್ತೇವೆ. ಆ ದಿನ ಅತ್ತೆಯನ್ನು ಬಸ್ಸು ಹತ್ತಿಸಿ ಬಂದು ತಟ್ಟೆ ಕೈಗೆ ತೆಗೆದುಕೊಂಡೆ, ಅಷ್ಟರಲ್ಲಿ ಹಸು ಹಗ್ಗ ಕಿತ್ತುಕೊಂಡು ಕೋಸಿನ ಹೊಲಕ್ಕೆ ನುಗ್ಗಿತು. ನನಗೆ ಮೂಗಿನ ತುದಿಯಲ್ಲೇ ಕೋಪ. ಅದನ್ನು ಬೈಯುತ್ತಾ ಓಡಿದೆ, ಓಡುವ ಅವಸರದಲ್ಲಿ ತಟ್ಟೆಯಲ್ಲಿದ್ದದ್ದನ್ನು ಸಗಣಿ ಮಂಕರಿಗೆ ಕೊಡವಿದೆ. ಹಸು ಕಟ್ಟಿ ಬಂದು ಆ ಮಂಕರಿಯನ್ನು ತಿಪ್ಪೆಗೆ ಸುರಿದೆ. ಈಗೀಗ ಅತ್ತೆಯ ಕೈ ನಡುಗುತ್ತದೆ. ಪೂಜೆ ಮುಗಿಸಿ ಲಿಂಗವನ್ನು ಕರಡಿಗೆಗೆ ಹಾಕಿದೆನೆಂದು ತಟ್ಟೆಯ ಹೂವಿನೊಳಗೇ ಬಿಟ್ಟಿರಬೇಕು. ನಾನು ನೋಡದೆ ತಿಪ್ಪೆಗೆ ಹಾಕಿದ್ದೇನೆ. ಕಟ್ಟಿಕೊಂಡ ಗಂಡನ ಲಿಂಗ, ತಿಪ್ಪೆಗೆ.

ಸೆರಗು ಸೊಂಟಕ್ಕೆ ಸಿಕ್ಕಿಸಿ ತಿಪ್ಪೆಗೆ ಇಳಿದೆ. ಗುದ್ದಲಿ ಹಾಕುವ ಹಾಗಿಲ್ಲ, ಏಟು ಬಿದ್ದರೆ ಏನು ಗತಿ. ಕೈಯಲ್ಲೇ ಕೆದಕಿದೆ. ಕಪ್ಪು ಲಿಂಗ, ನೆಲ್ಲಿಕಾಯಿಗಿಂತ ಸ್ವಲ್ಪ ದೊಡ್ಡದು. ತಿಪ್ಪೆಯಲ್ಲಿ ಕಪ್ಪಗೆ ದುಂಡಗೆ ಇರುವ ವಸ್ತು ಎಷ್ಟಿವೆ ಎಂದು ನನಗೆ ಅವತ್ತೇ ತಿಳಿದದ್ದು. ಒಂದೊಂದು ಉಂಡೆಯನ್ನೂ ಬೆರಳಲ್ಲಿ ಒಡೆದು ನೋಡಿದೆ. ಬಿಲ್ವದ ಎಲೆ ಸಿಕ್ಕಿತು, ಎರಡು ಕಣಗಿಲೆ ಹೂವು ಸಿಕ್ಕಿತು. ಇಲ್ಲೇ ಇದೆ ಎಂದು ಎರಡು ಕೈಯಲ್ಲೂ ಕೆದಕಿದೆ. ಇರಲಿಲ್ಲ.

ಪಕ್ಕದ ಮನೆಯ ಕರಿಯಮ್ಮ ಬೇಲಿಯ ಆಚೆಯಿಂದ ನೋಡಿದಳು. ನನಗಿಂತ ಹತ್ತು ವರ್ಷಕ್ಕೆ ದೊಡ್ಡವಳು, ಅವಳ ಬಾಯಿಗೆ ಬಾಗಿಲಿಲ್ಲ.

"ಏನವ್ವ ವಿಶಾಲಾಕ್ಷಿ, ಕೋಳಿ ಕೆಲ್ಸ ನೀನೇ ಮಾಡ್ತಿದ್ದೀಯ?"

"ಓಲೆ ಬಿದ್ದೋಯ್ತು ಕಣಕ್ಕ," ಅಂದೆ. ಬಾಯಿಗೆ ಬಂದದ್ದು ಅದು.

ಅವಳು ಬೇಲಿ ದಾಟಿ ಬಂದು ನನ್ನ ಜೊತೆ ಕೂತಳು. ಒಂದು ಕಡ್ಡಿ ಹಿಡಿದು ಅರ್ಧ ಗಂಟೆ ಕೆದಕಿದಳು. ಆಮೇಲೆ ಕಡ್ಡಿ ನಿಲ್ಲಿಸಿ ನನ್ನ ಮುಖ ನೋಡಿದಳು.

"ಎರಡ್ ಕಿವೀಲೂ ಓಲೆ ಅವಲ್ಲವ್ವ."

ಕಣ್ಣು ತುಂಬಿ ಬಂತು, ಒರೆಸಿಕೊಳ್ಳೋಣವೆಂದರೆ ಕೈಯೆಲ್ಲ ಸಗಣಿ. ಕರಿಯಮ್ಮ ತನ್ನ ಸೆರಗಿನಿಂದ ನನ್ನ ಮುಖ ಒರೆಸಿದಳು.

"ಬುಡು, ಏನಂತ ಯೋಳ್ಬ್ಯಾಡ. ಎಷ್ಟ್ ದಪ್ಪ ಅದೆ ಅಂತ ಮಾತ್ರ ಯೋಳು."

ಬೆರಳು ಮಡಿಸಿ ತೋರಿಸಿದೆ. ಅವಳು ಮತ್ತೆ ಕಡ್ಡಿ ಹಿಡಿದಳು. ಮಧ್ಯಾಹ್ನದವರೆಗೂ ಒಂದು ಮಾತು ಕೇಳಲಿಲ್ಲ. ಊರಿಗೆಲ್ಲ ಸುದ್ದಿ ಹಂಚುವ ಹೆಂಗಸು ಎಂದು ನಾನೇ ಎಷ್ಟು ಸಲ ಆಡಿಕೊಂಡಿದ್ದೆ, ಅವತ್ತು ನನಗೆ ನಾಚಿಕೆಯಾಯಿತು.

ಈಗ ಆ ಮಾತು ಹೇಳಿಬಿಡುತ್ತೇನೆ. ನನ್ನ ಗಂಡ ತಾವಾಗಿ ಲಿಂಗ ಬಿಟ್ಟುಹೋದವರಲ್ಲ. ಬಿಡಿಸಿದವಳು ನಾನು.

ಹೊರಡುವ ದಿನ ಬೆಳಗ್ಗೆ ಟ್ರಂಕಿಗೆ ಬೀಗ ಹಾಕುತ್ತಿದ್ದರು. ನನಗೆ ಆಗ ಐದು ತಿಂಗಳು. "ಅಲ್ಲಿ ಕಾಡಂತೆ, ನೀರಂತೆ," ಅಂದೆ. "ಶಿವದಾರ ಕಿತ್ತು ಎಲ್ಲಾರ ಬಿದ್ದೋದ್ರೆ? ಇಲ್ಲೇ ಬುಟ್ಟೋಗಿ, ಬಂದ್ಮೇಲೆ ಕಟ್ಕಳೋರಂತೆ."

"ಲಿಂಗ ಇಲ್ದೆ ನೀರೂ ಕುಡೀಬಾರ್ದು ಕಣೆ," ಅಂದರು.

ನಾನು ಹಟ ಹಿಡಿದೆ. ಕಳೆದುಹೋಗುತ್ತದೆಂಬ ಭಯ ಬರೀ ನೆಪ. ಅದು ನನ್ನ ಹತ್ತಿರ ಇದ್ದರೆ ಅದಕ್ಕಾದರೂ ಬಂದೇ ಬರುತ್ತಾರೆ, ಇದು ನನ್ನ ಒಳಗಿನ ಲೆಕ್ಕ. ಇಪ್ಪತ್ತೊಂದು ವರ್ಷದವಳ ಬುದ್ಧಿ. ಅವರು ದಾರ ಬಿಚ್ಚಿ ನನ್ನ ಕೈಗೆ ಕೊಟ್ಟರು, ಬರಿದಾದ ಕೊರಳನ್ನು ಒಂದು ಸಲ ಸವರಿಕೊಂಡರು. ಅತ್ತೆ ಕೇಳಿದಾಗ "ಅವ್ರೇ ಬುಟ್ಟೋದ್ರು" ಅಂದೆ. ಆ ಸುಳ್ಳನ್ನು ಹತ್ತೊಂಬತ್ತು ವರ್ಷ ಹೊತ್ತುಕೊಂಡು ಬಂದೆ. ಅವರು ಎಲ್ಲೋ ಕಾಡಿನಲ್ಲಿ ಬರಿಗೊರಳಲ್ಲಿ ಬಿದ್ದಿದ್ದರೆ ಅದು ನನ್ನಿಂದ.

ಕಾಣೆಯಾಗಿದ್ದಾರೆ ಎಂಬ ಮೊದಲ ಕಾಗದ ತಮಿಳಿನಲ್ಲಿ ಬಂತು, ನಾವು ಕನ್ನಡದವರಾದರೂ ನಮ್ಮೂರು ಇರುವುದು ತಮಿಳು ಸೀಮೆಯಲ್ಲಿ. ನನಗೆ ಬರುತ್ತಿದ್ದದ್ದು ಕನ್ನಡ ಅಕ್ಷರ ಮಾತ್ರ. ಟೀ ಅಂಗಡಿಯಲ್ಲಿ ಯಾರೋ ಓದಿದರು, ನಮ್ಮ ಪಣಕಹಳ್ಳಿಗೆಲ್ಲ ಗೊತ್ತಾಗಿ ಕೊನೆಗೆ ನನಗೆ ಗೊತ್ತಾಯಿತು. ನನ್ನ ಗಂಡನ ಸುದ್ದಿ ಇನ್ನೊಬ್ಬರ ಬಾಯಿಂದ ಕೇಳುವುದಿಲ್ಲ ಎಂದು ಹಟ ಹಿಡಿದು ತಮಿಳು ಕಲಿತೆ. ಮೇಷ್ಟರೂ ಇಲ್ಲ, ಪುಸ್ತಕವೂ ಇಲ್ಲ. ಮಗಳು ಶಿವರಂಜನಿಯನ್ನು ಸೊಂಟದಲ್ಲಿಟ್ಟುಕೊಂಡು ಸ್ಟಾಪಿನಲ್ಲಿ ನಿಂತು ಬಸ್ಸಿನ ಬೋರ್ಡು ಓದಿದೆ. ಮೊದಲು ಓದಿದ್ದು ಸತ್ಯಮಂಗಲಂ. ಅಂದು ಮನೆಗೆ ಬಂದು ಪಾಯಸ ಮಾಡಿದ್ದೆ, ಯಾಕೆಂದು ಯಾರಿಗೂ ಹೇಳಲಿಲ್ಲ. ಎರಡು ವರ್ಷದ ಮೇಲೆ ಇನ್ನೊಂದು ಕಾಗದ ಬಂತು. ಅದನ್ನು ಊರಿನಲ್ಲಿ ಎಲ್ಲರಿಗಿಂತ ಮೊದಲು ನಾನೇ ಓದಿದೆ. ಸತ್ತಿರುವುದಾಗಿ ಭಾವಿಸಲಾಗಿದೆ ಎಂದು ಬರೆದಿತ್ತು. ಇದನ್ನು ಓದುವುದಕ್ಕೇ ನಾನು ಅಕ್ಷರ ಕಲಿತದ್ದು? ಭಾವಿಸುವುದಕ್ಕೆ ಇವರು ಯಾರು ಎಂದು ಕಾಗದ ಮಡಿಸಿ ಪೆಟ್ಟಿಗೆಗೆ ಹಾಕಿದೆ.

ತೊಂಬತ್ತಾರರಲ್ಲಿ ಮಾವ ತೀರಿಕೊಂಡರು. ನಮ್ಮ ಹೊಲದಲ್ಲೇ ಗುಣಿ ತೋಡಿದ್ದರು. ಊರಿನ ಹಿರಿಯರೊಬ್ಬರು, ಮಗನ ಲಿಂಗವನ್ನೂ ಇದರಲ್ಲೇ ಇಟ್ಟುಬಿಡೋಣ, ಅವನಿಗೂ ಒಂದು ನೆಲೆಯಾಗುತ್ತದೆ ಎಂದು ಅದನ್ನು ತಟ್ಟೆಯಲ್ಲಿಡಿಸಿ ಅಲ್ಲಿಗೆ ತರಿಸಿದರು. ನಾನು ಜನರ ನಡುವೆ ನುಗ್ಗಿ ತಟ್ಟೆಯಿಂದ ಲಿಂಗ ಕಿತ್ತುಕೊಂಡೆ. "ಬದುಕಿರೋರ್ಗೆ ಗುಣಿ ತೋಡ್ತೀರಾ," ಎಂದು ಕೂಗಾಡಿ ಮನೆಗೆ ಓಡಿ ಬಂದು ಕದ ಹಾಕಿಕೊಂಡೆ. ಸಾವಿನ ಮನೆಯಲ್ಲಿ ಸೊಸೆ ಹಾಗೆ ಮಾಡಬಾರದಿತ್ತು. ಅತ್ತೆ ಅದರ ಬಗ್ಗೆ ಒಂದು ದಿನವೂ ಮಾತೆತ್ತಲಿಲ್ಲ. ಹಾಗೆ ಕಿತ್ತುಕೊಂಡು ಕಾಪಾಡಿದ್ದನ್ನು ನಾನೇ ತಿಪ್ಪೆಗೆ ಹಾಕಿದೆ ಎಂದರೆ ನನ್ನಂಥ ಪಾಪಿ ಯಾರಿದ್ದಾರೆ?

ನಾಲ್ಕು ಗಂಟೆಗೆ ತಿಪ್ಪೆಯನ್ನೆಲ್ಲ ಒಂದು ಕಡೆಯಿಂದ ಇನ್ನೊಂದು ಕಡೆಗೆ ಹಾಕಿ ಮುಗಿದಿತ್ತು. ಹೊಲದ ಬದು, ಹಸುವಿನ ಗೊಂತು, ಮಂಕರಿಯ ಸಂದು, ಎಲ್ಲ ನೋಡಾಗಿತ್ತು. ಕರಿಯಮ್ಮ ಸೊಂಟ ಹಿಡಿದುಕೊಂಡು ಎದ್ದಳು. "ಕಂಕುಳಲ್ಲಿ ಕೂಸಿಟ್ಕಂಡು ಊರೆಲ್ಲ ಉಡುಕುದ್ರಂತೆ. ಮನೇಲೇ ಎಲ್ಲಾರ ಇರ್ತದೆ, ನೋಡು," ಎಂದು ಹೋದಳು. ಮನೆಯಲ್ಲಿ ಮೂರು ಸಲ ಹುಡುಕಿದ್ದೆ. ಸತ್ಯಮಂಗಲದ ಹಾಸ್ಟೆಲಿನಲ್ಲಿದ್ದ ಮಗಳಿಗೆ ಫೋನು ಮಾಡೋಣ ಅನ್ನಿಸಿತು. ಮಾಡಿ ಏನು ಹೇಳಲಿ? ಅಪ್ಪನ ಮುಖ ಕಾಣದ ಹುಡುಗಿಗೆ ಅಪ್ಪ ಎಂದು ತೋರಿಸಲು ಇದ್ದದ್ದು ಒಂದು ಫೋಟೋ, ಒಂದು ಲಿಂಗ.

ಕೈ ತೊಳೆದುಕೊಂಡೆ, ವಾಸನೆ ಹೋಗಲಿಲ್ಲ. ಐದಕ್ಕೇ ಸ್ಟಾಪಿಗೆ ಹೋಗಿ ಕಲ್ಲಿನ ಮೇಲೆ ಕೂತೆ. ಏನೆಂದು ಶುರು ಮಾಡಲಿ ಎಂದು ಒಳಗೇ ಹೇಳಿಕೊಂಡು ನೋಡಿದೆ. ಇಲಿ ಎಳೆದುಕೊಂಡು ಹೋಯಿತು ಎನ್ನಲೇ? ಮತ್ತೊಂದು ಸುಳ್ಳು ಹೇಳಿದರೆ ಅದನ್ನೂ ಸಾಯುವ ತನಕ ಹೊರಬೇಕು. ಬಸ್ಸು ಯಾವತ್ತೂ ತಡ, ಅವತ್ತು ಹೊತ್ತಿಗೆ ಸರಿಯಾಗಿ ಬಂತು.

ಅತ್ತೆ ಕಂಬಿ ಹಿಡಿದು ನಿಧಾನ ಇಳಿದರು. ನನ್ನ ಮುಖ ನೋಡಿದ್ದೇ "ಯಾಕವ್ವ, ಹಿಂಗೆ ಬಿಳಚ್ಕಂಡಿದ್ದೀಯ? ಮಗೀಗೆ ಏನಾರ ಆಯ್ತಾ?" ಅಂದರು.

"ಅತ್ತೆ, ಅವ್ರ ಲಿಂಗ ಕಳ್ದುಬುಟ್ಟೆ," ಅಂದೆ. ತಟ್ಟೆ, ಹಸು, ಮಂಕರಿ, ತಿಪ್ಪೆ ಎಲ್ಲ ಒಂದೇ ಉಸಿರಿಗೆ ಬಂತು.

ಅತ್ತೆ ಕಲ್ಲಿನ ಮೇಲೆ ಕೂತರು. ಸೆರಗಿನ ತುದಿಯ ಗಂಟನ್ನು ಮುಂದಕ್ಕೆ ತಂದು ಹಿಡಿದರು. ನೆಲ್ಲಿಕಾಯಿಗಿಂತ ಸ್ವಲ್ಪ ದೊಡ್ಡ ಗಂಟು.

"ಕಳ್ದಿಲ್ಲ ಕಣವ್ವ. ನಾನೇ ತಕ್ಕಂಡೋಗಿದ್ದೆ."

ಜೀವ ಬಂದಂತಾಯಿತು, ಅದರ ಹಿಂದೆಯೇ ಕೋಪವೂ ಬಂತು. "ಬೆಳಗ್ಗಿಂದ ತಿಪ್ಪೇಲಿ ಬಿದ್ದಿವ್ನಿ ನಾನು. ಒಂದ್ ಮಾತು ಯೋಳಿ ಓಗಕ್ಕೇನಾಗಿತ್ತು ನಿಮ್ಗೆ?"

"ಯೋಳುದ್ರೆ ನೀ ಬುಡ್ತಿದ್ಯಾ? ನಿಮ್ಮ ಮಾವನ ಗುಣಿ ತಾವ ಏನ್ ಮಾಡ್ದೆ ಅಂತ ನಂಗೆ ಗ್ಯಾಪ್ಕ ಇಲ್ವಾ?"

ಆಸ್ಪತ್ರೆಗೆ ಹೋಗಿರಲಿಲ್ಲ. ನಮ್ಮ ಮನೆಯ ಮದುವೆ, ಸಾವು ಮಾಡಿಸುವ ಅಯ್ಯನವರ ಹತ್ತಿರ ಹೋಗಿದ್ದರು. ಹೋದ ವಾರ ಪೂಜೆ ಮಾಡುವಾಗ ಕೈ ನಡುಗಿ ಲಿಂಗ ನೆಲಕ್ಕೆ ಬಿತ್ತಂತೆ. ನನಗೆ ಹೇಳಿರಲಿಲ್ಲ. "ನಾ ಸತ್ರೆ ಎಡಗೈಲಿ ನನ್ದು ಇಡ್ತಾರೆ. ಅವನ್ದ ಯಾರ ಕೈಗೆ ಕೊಟ್ಟೋಗನ? ನೀನೂ ಎಷ್ಟು ದಿನ ಅಂತ ಕಾಯ್ತೀಯ?" ಅಂದರು. ಅಯ್ಯನವರಿಗೆ ಲಿಂಗ ತೋರಿಸಿ, ದೇಹ ಸಿಗದವರಿಗೆ ಲಿಂಗವನ್ನೇ ಮಣ್ಣು ಮಾಡಬಹುದೇ ಎಂದು ಕೇಳಿದರಂತೆ. ಮಾಡಬಹುದು, ಸೋಮವಾರ ನಾನೇ ಬರುತ್ತೇನೆ, ಆದರೆ ಹೆಂಡತಿ ಒಪ್ಪಿ ಮೊದಲ ಹಿಡಿ ಮಣ್ಣು ಹಾಕಬೇಕು ಎಂದರಂತೆ ಅಯ್ಯನವರು.

"ನೀ ಊಂ ಅಂದ್ರೆ ಉಂಟು, ಇಲ್ದಿದ್ರೆ ಇಲ್ಲ," ಅಂದರು ಅತ್ತೆ.

ನನಗೆ ಊಂ ಅನ್ನಲು ಆಗಲಿಲ್ಲ. ಅದಕ್ಕಿಂತ ಮೊದಲು ಹೇಳಬೇಕಾದದ್ದು ಬೇರೆ ಇತ್ತು.

"ಅತ್ತೆ, ಅವ್ರಾಗಿ ಬುಟ್ಟೋಗ್ಲಿಲ್ಲ. ನಾನೇ ಹಟ ಮಾಡಿ ಬುಡುಸ್ಕಂಡೆ. ಬಂದೇ ಬತ್ತಾರೆ ಅಂತ ಇಟ್ಕಂಡೆ. ನಿಮ್ಗೆ ಸುಳ್ಳು ಯೋಳ್ದೆ. ಅವ್ರು ಲಿಂಗ ಇಲ್ದೆ ಓದ್ರು, ನನ್ನಿಂದ."

ಬಸ್ಸು ತಿರುಗಿಸಿಕೊಂಡು ಹೊರಟುಹೋಯಿತು. ಟೀ ಅಂಗಡಿಯವನು ನಮ್ಮನ್ನೇ ನೋಡುತ್ತಿದ್ದ. ಬೈಯಲಿ, ಕೈ ಎತ್ತಿ ಎರಡು ಬಾರಿಸಲಿ, ಏನಾದರೂ ಮಾಡಲಿ ಎಂದು ತಲೆ ತಗ್ಗಿಸಿ ನಿಂತಿದ್ದೆ.

ಅತ್ತೆ ನನ್ನ ಕೈ ಹಿಡಿದು ಪಕ್ಕದಲ್ಲಿ ಕೂರಿಸಿಕೊಂಡರು. ಬೆರಳ ಸಂದಿಯಲ್ಲಿ ಒಣಗಿದ್ದ ಸಗಣಿಯನ್ನು ಉಗುರಿನಿಂದ ಬಿಡಿಸತೊಡಗಿದರು.

"ನೀ ಅವತ್ತು ಬುಡುಸ್ಕಳ್ದೆ ಇದ್ದಿದ್ರೆ ಇದೂ ಅವನ ಜೊತೇಲೇ ಓಗದು ಕಣವ್ವ. ಇವತ್ತು ಮಣ್ಣು ಮಾಡಕೆ ನಮ್ಮ ತಾವ ಏನಿರದು?"

ನಾನು ಅತ್ತೆಯ ಮಡಿಲಿಗೆ ತಲೆ ಹಾಕಿ ಅತ್ತುಬಿಟ್ಟೆ. ಹತ್ತೊಂಬತ್ತು ವರ್ಷದಲ್ಲಿ ಅಷ್ಟು ಅತ್ತಿರಲಿಲ್ಲ. ಸಾವಿನ ಮನೆಯಲ್ಲಿ ಅಳುವ ಹಾಗೆ, ಗಂಡನ ಹೆಸರು ಹಿಡಿದು ಅತ್ತುಕೊಂಡೆ. ಅತ್ತೆಯೂ ಅತ್ತರು. ಟೀ ಅಂಗಡಿಯವನು ಒಳಗೆ ಹೋದ.

ಅಳು ನಿಂತ ಮೇಲೆ "ಸೋಮ್ವಾರ ಬರೇಳಿ ಅಯ್ನೋರ್ಗೆ," ಅಂದೆ.

ಅತ್ತೆ ಹಲ್ಲಿನಿಂದ ಕಚ್ಚಿ ಗಂಟು ಬಿಚ್ಚಿದರು. ಲಿಂಗವನ್ನು ನನ್ನ ಎಡಗೈಯಲ್ಲಿಟ್ಟು ಬೆರಳುಗಳನ್ನು ಒಂದೊಂದಾಗಿ ಮಡಿಸಿದರು.

"ಇನ್ನು ನಾಕ್ ದಿನ ಅದೆ. ಅಲ್ಲೀಗಂಟ ನೀನೇ ಇಟ್ಕಳವ್ವ."